ರಾಗ ಮೊದಲು, ಮಾತು ಆಮೇಲೆ: ಫ್ಯಾನಿ ಕ್ರಾಸ್ಬಿಯ 8,000 ಹಾಡುಗಳು

(ಮಂಗಳೂರಿನ ಬಲ್ಮಠದಲ್ಲಿ ಸಂಜೆ ಸೇರಿದ್ದ ಗಾಯನ ಮಂಡಳಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಹಾಡಿ ತೋರಿಸಿದ ಕಡೆಗಳನ್ನು ಬಿಟ್ಟಿದ್ದೇನೆ.)

ಹಿರಿಯರೇ, ಗೆಳೆಯರೇ, ಸಂಡೇ ಸ್ಕೂಲಿನಿಂದ ಬಂದಿರುವ ಮಕ್ಕಳೇ,

ಒಬ್ಬರೇ 8,000ಕ್ಕಿಂತ ಜಾಸ್ತಿ ಕ್ರೈಸ್ತ ಸ್ತೋತ್ರ ಗೀತೆ ಬರೆದರು ಅಂದರೆ ನಮಗೆ ಮೊದಲು ಬೆರಗಾಗುತ್ತದೆ. ಆಮೇಲೆ ಸಣ್ಣ ಅನುಮಾನವೂ ಬರುತ್ತದೆ. ಅಷ್ಟೊಂದು ಬರೆದರೆ ಅದರಲ್ಲಿ ಗಟ್ಟಿಯಾದದ್ದು ಎಷ್ಟಿದ್ದೀತು? ಇಂಗ್ಲೆಂಡಿನ ಹೆಸರಾಂತ ಗೀತೆಕಾರ ಐಸಾಕ್ ವಾಟ್ಸ್ ಬರೆದದ್ದು ಸುಮಾರು 750. ಅಲ್ಲಿಯವರೇ ಆದ ಚಾರ್ಲ್ಸ್ ವೆಸ್ಲಿ ಬರೆದದ್ದು 6,000ಕ್ಕೂ ಮೇಲೆ. ಅಮೆರಿಕದ ಫ್ಯಾನಿ ಕ್ರಾಸ್ಬಿ ಅವರನ್ನೂ ದಾಟಿದರು. ಅದೂ ಒಂದು ಅಕ್ಷರವನ್ನೂ ಕಣ್ಣಿಂದ ನೋಡದೆ.

ಈ ಸಂಖ್ಯೆಯನ್ನು ಹೊಗಳೋದಕ್ಕೆ ನಾನು ಇಲ್ಲಿ ನಿಂತಿಲ್ಲ. ಇಷ್ಟು ಹಾಡು ಯಾಕೆ ಹುಟ್ಟಿತು, ಹೇಗೆ ಹುಟ್ಟಿತು ಅನ್ನೋದನ್ನು ಹೇಳಬೇಕು. ಕಾರಣ ಹೀಗಿದೆ ಅಂತ ನನ್ನ ನಂಬಿಕೆ: ಅವರು ಪುಸ್ತಕದಲ್ಲಿ ಉಳಿಯಲಿ ಅಂತ ಬರೆಯಲಿಲ್ಲ. ಯಾರೋ ಬಂದು ಒಂದು ರಾಗ ನುಡಿಸಿ, ಇದಕ್ಕೆ ಮಾತು ಬೇಕು ಅಂದರು. ಅವರು ಕೊಟ್ಟರು. ಮತ್ತೊಬ್ಬರು ಬಂದರು. ಅವರಿಗೂ ಕೊಟ್ಟರು. ಐವತ್ತು ವರ್ಷ ಹೀಗೇ ನಡೆಯಿತು.

ಬದುಕಿನ ಕಥೆ ಮೊದಲು ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1820ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಬ್ರೂಸ್ಟರ್ ಹತ್ತಿರದ ಹಳ್ಳಿಯಲ್ಲಿ. ಆರು ವಾರದ ಕೂಸಿಗೆ ಶೀತವಾಗಿ ಕಣ್ಣು ಊದಿಕೊಂಡಿತು. ಊರಿನ ವೈದ್ಯರು ಸಿಗಲಿಲ್ಲ. ವೈದ್ಯ ಅಂತ ಹೇಳಿಕೊಂಡು ಬಂದ ಯಾರೋ ಒಬ್ಬ ಕಣ್ಣಿಗೆ ಬಿಸಿ ಸಾಸಿವೆ ಪಟ್ಟು ಹಾಕಿಸಿದ. ಕಣ್ಣು ಹೋಯಿತು. ಕುರುಡು ಹುಟ್ಟಿನಿಂದಲೇ ಇದ್ದಿರಬಹುದು ಅಂತ ಈಗಿನ ಕೆಲವರು ಹೇಳುತ್ತಾರೆ. ಮನೆಯವರು ಮಾತ್ರ ಆ ಪಟ್ಟಿನಿಂದಲೇ ಆಯಿತು ಅಂತ ನಂಬಿದ್ದರು. ಅದೇ ವರ್ಷ ತಂದೆ ತೀರಿಕೊಂಡರು. ತಾಯಿ ಮರ್ಸಿ ಬೇರೆಯವರ ಮನೆಗೆಲಸಕ್ಕೆ ಹೋದರು. ಮಗು ಅಜ್ಜಿಯ ಕೈಯಲ್ಲಿ ಬೆಳೆಯಿತು.

ಈ ಅಜ್ಜಿ ಯೂನಿಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೂವಿನ ಬಣ್ಣ, ಹಕ್ಕಿಯ ಕೂಗು, ಸಂಜೆಯ ಆಕಾಶ ಎಲ್ಲವನ್ನೂ ಅವರು ಬಾಯಲ್ಲೇ ವಿವರಿಸಿ ಹೇಳಿದರು. ಮುಟ್ಟಿಸಿದರು, ಮೂಸಿಸಿದರು. ಆಮೇಲೆ ರಿಡ್ಜ್‌ಫೀಲ್ಡ್ ಅನ್ನೋ ಊರಿನಲ್ಲಿ ಬಾಡಿಗೆ ಮನೆಯ ಯಜಮಾನಿ ಹಾಲಿ ಎಂಬವರು ಈ ಹುಡುಗಿಗೆ ಸತ್ಯವೇದ ಬಾಯಿಪಾಠ ಮಾಡಿಸಿದರು. ವಾರಕ್ಕೆ ಐದು ಅಧ್ಯಾಯ. ಹೀಗೆ ಮೋಶೆಯ ಪುಸ್ತಕಗಳು, ನಾಲ್ಕು ಸುವಾರ್ತೆಗಳು, ಕೀರ್ತನೆಗಳಲ್ಲಿ ಹಲವು, ಎಲ್ಲವೂ ಬಾಯಿಗೆ ಬಂದವು. ಇದನ್ನು ಮರೆಯಬೇಡಿ. ಮುಂದೆ ಅವರ ಹಾಡುಗಳಲ್ಲಿ ಒಂದೊಂದು ಸಾಲಿಗೂ ವೇದದ ಒಂದು ವಾಕ್ಯ ಹಿಂದೆ ನಿಂತಿರುತ್ತದೆ. ಅವರು ಹುಡುಕಿ ತೆಗೆದದ್ದಲ್ಲ ಅದು. ಒಳಗೇ ಇತ್ತು.

1834ರಲ್ಲಿ ಹೆಬಿಕ್, ಲೆನರ್, ಗ್ರೈನರ್ ಮೂವರು ನಮ್ಮ ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ನಿನ ಕೆಲಸ ಇಲ್ಲಿ ಶುರುವಾಯಿತು. ಮರುವರ್ಷ, ಹದಿನೈದು ತುಂಬುವ ಹೊತ್ತಿಗೆ, ಫ್ಯಾನಿ ನ್ಯೂಯಾರ್ಕಿನ ಅಂಧರ ಶಾಲೆಗೆ ಸೇರಿದರು. ಅಲ್ಲೇ ಓದಿದರು, ಅಲ್ಲೇ ಶಿಕ್ಷಕಿಯಾದರು. ವ್ಯಾಕರಣ, ಇತಿಹಾಸ ಕಲಿಸಿದರು. ಪಿಯಾನೋ, ಹಾರ್ಪ್, ಗಿಟಾರ್ ನುಡಿಸಿದರು. 1844ರಲ್ಲಿ ಅಂಧರ ಶಿಕ್ಷಣಕ್ಕೆ ನೆರವು ಕೇಳಲು ವಾಷಿಂಗ್ಟನ್ನಿಗೆ ಹೋದ ತಂಡದಲ್ಲಿದ್ದು ಅಮೆರಿಕದ ಸಂಸತ್ ಸದಸ್ಯರ ಮುಂದೆ ತಮ್ಮ ಕವಿತೆ ಹೇಳಿದರು. ಅದೇ ವರ್ಷ ಮೊದಲ ಕವನ ಸಂಕಲನ ಬಂತು. 1853ರಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಶಾಲೆಯ ಕಚೇರಿ ಕೆಲಸಕ್ಕೆ ಬಂದ. ಫ್ಯಾನಿ ಹೇಳಿದ ಪದ್ಯಗಳನ್ನು ಬಿಡುವಿನಲ್ಲಿ ಬರೆದುಕೊಡುತ್ತಿದ್ದ. ಅವನ ಹೆಸರು ಗ್ರೋವರ್ ಕ್ಲೀವ್‌ಲ್ಯಾಂಡ್. ಮುಂದೆ ಎರಡು ಸಲ ಅಮೆರಿಕದ ಅಧ್ಯಕ್ಷನಾದ.

1849ರಲ್ಲಿ ಕಾಲರಾ ಬಂದಾಗ ಅವರು ನಗರ ಬಿಟ್ಟು ಹೋಗದೆ ರೋಗಿಗಳ ಸೇವೆಗೆ ನಿಂತರು. ಎಷ್ಟೋ ಸಾವು ಹತ್ತಿರದಿಂದ ಕಂಡರು. ಮರುವರ್ಷ ನವೆಂಬರಿನಲ್ಲಿ ಮೆಥಡಿಸ್ಟರ ಉಜ್ಜೀವನ ಕೂಟವೊಂದರಲ್ಲಿ ವಾಟ್ಸ್ ಬರೆದ ಹಾಡು ಹಾಡುತ್ತಿದ್ದಾಗ ಅವರ ಮನಸ್ಸು ತಿರುಗಿತು. ಒಂದು ಹಾಡು ಮನುಷ್ಯರಿಗೆ ಏನು ಮಾಡಬಲ್ಲದು ಅನ್ನೋದನ್ನು ಅವರು ತಮ್ಮ ಮೇಲೆಯೇ ಆದದ್ದರಿಂದ ತಿಳಿದಿದ್ದರು. ಆದರೂ ಸ್ತೋತ್ರ ಗೀತೆ ಬರೆಯೋದಕ್ಕೆ ಇನ್ನೂ ಹದಿಮೂರು ಹದಿನಾಲ್ಕು ವರ್ಷ ಹೋಯಿತು. ನಡುವೆ ಜಾರ್ಜ್ ರೂಟ್ ಎಂಬ ಸಂಗೀತಗಾರರಿಗೆ ಜನಪ್ರಿಯ ಹಾಡುಗಳನ್ನು ಬರೆದುಕೊಟ್ಟರು. ಮನೆಮನೆಯಲ್ಲಿ ಹಾಡುವಂಥ ಹಾಡುಗಳು. ಆ ಕೆಲಸ ಅವರ ಕೈಯನ್ನು ಚೆನ್ನಾಗಿ ಪಳಗಿಸಿತು.

1864ರ ಫೆಬ್ರುವರಿಯಲ್ಲಿ ವಿಲಿಯಂ ಬ್ರಾಡ್‌ಬರಿ ಸಿಕ್ಕಿದರು. ಮಕ್ಕಳೇ, ಇವರನ್ನು ನೀವು ಬಲ್ಲಿರಿ. 'ಜೀಸಸ್ ಲವ್ಸ್ ಮಿ' ಹಾಡಿಗೆ ರಾಗ ಹಾಕಿದವರು ಇವರೇ. ಇಂಥವರಿಗಾಗಿ ತಾನು ಬಹಳ ದಿನದಿಂದ ಕಾದಿದ್ದೆ ಅಂತ ಬ್ರಾಡ್‌ಬರಿ ಹೇಳಿದರಂತೆ. ಫ್ಯಾನಿಗೆ ಆಗ ವಯಸ್ಸು 43, ಇನ್ನೇನು 44. ನಮ್ಮಲ್ಲಿ ಆ ವಯಸ್ಸಿಗೆ 'ಇನ್ನು ಹೊಸತೇನು ಕಲಿಯೋದು' ಅಂತ ಕೈಚೆಲ್ಲುವವರೇ ಜಾಸ್ತಿ, ಅಲ್ವಾ? ಆ 8,000 ಹಾಡುಗಳ ಲೆಕ್ಕ ಶುರುವಾಗೋದೇ ಇಲ್ಲಿಂದ. ನಾಲ್ಕು ವರ್ಷದಲ್ಲಿ ಬ್ರಾಡ್‌ಬರಿ ತೀರಿಕೊಂಡರು. ಫ್ಯಾನಿ ಅವರಿಗೆ ಬರೆದುಕೊಟ್ಟ ಮೊದಲ ಹಾಡನ್ನೇ ಅವರ ಅಂತ್ಯಕ್ರಿಯೆಯಲ್ಲಿ ಹಾಡಿದರು. ಬ್ರಾಡ್‌ಬರಿಯ ಪ್ರಕಾಶನ ಬಿಗ್ಲೋ ಅಂಡ್ ಮೇನ್ ಅನ್ನೋ ಹೆಸರಿನಲ್ಲಿ ಮುಂದುವರಿಯಿತು. ಅವರಿಗೆ ವಾರಕ್ಕೆ 3 ಹಾಡು ಕೊಡುವ ಒಪ್ಪಂದವಾಯಿತು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹೇಗೆ ಬರೆಯುತ್ತಿದ್ದರು?

ಎಷ್ಟೋ ಸಲ ರಾಗ ಮೊದಲು ಬರುತ್ತಿತ್ತು. 1868ರ ಏಪ್ರಿಲ್ 30ರಂದು ವಿಲಿಯಂ ಡೋನ್ ಎಂಬ ಸಂಗೀತಗಾರ ಅವರ ಮನೆಗೆ ಬಂದರು. ಸಿನ್ಸಿನಾಟಿ ಕಡೆಗೆ ಹೋಗುವ ರೈಲಿಗೆ 40 ನಿಮಿಷ ಇತ್ತು. ಅಲ್ಲಿನ ಸಂಡೇ ಸ್ಕೂಲ್ ಸಮ್ಮೇಳನದಲ್ಲಿ ಹಾಡಿಸಲು ಒಂದು ರಾಗ ಹಾಕಿದ್ದರು, ಮಾತು ಇರಲಿಲ್ಲ. ನುಡಿಸಿ ತೋರಿಸಿದರು. ಫ್ಯಾನಿ ಕೇಳಿ, ಈ ರಾಗ ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಯಿತು ಅಂದರು. ಒಳಗಿನ ಕೋಣೆಗೆ ಹೋದರು. ಅರ್ಧ ಗಂಟೆಯಲ್ಲಿ ಹೊರಗೆ ಬಂದು ಪೂರ್ತಿ ಹಾಡು ಹೇಳಿ ಬರೆಸಿದರು. ಅದೇ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್'. ಡೋನ್‌ಗೆ ರೈಲು ತಪ್ಪಲಿಲ್ಲ.

1873ರಲ್ಲಿ ಗೆಳತಿ ಫೀಬಿ ನ್ಯಾಪ್ ಇದೇ ರೀತಿ ಒಂದು ರಾಗ ನುಡಿಸಿದರು. ಎರಡು ಮೂರು ಸಲ ಕೇಳುವಷ್ಟರಲ್ಲಿ ಫ್ಯಾನಿ ಚಪ್ಪಾಳೆ ತಟ್ಟಿ ಮೊದಲ ಮಾತು ಹೇಳಿದರು. ಅದು 'ಬ್ಲೆಸೆಡ್ ಅಶೂರೆನ್ಸ್'. ನೀವೆಲ್ಲ ಹಾಡಿದ್ದೀರಿ. ಒಮ್ಮೆ ಅದರ ನಡೆ ಗಮನಿಸಿ. ಅದು 9/8ರಲ್ಲಿದೆ. ಮೂರು ಮೂರರ ಗುಂಪಿನಲ್ಲಿ ತೂಗುತ್ತಾ ಹೋಗುತ್ತದೆ. ಆ ತೂಗು ಎಲ್ಲಿ ಇಳಿಯುತ್ತದೋ ಅಲ್ಲೇ ಅವರು ಮುಖ್ಯವಾದ ಪದ ಇಟ್ಟಿದ್ದಾರೆ. ಉದ್ದಕ್ಕೆ ಎಳೆಯಬೇಕಾದ ಜಾಗದಲ್ಲಿ ಬಾಯಿ ತೆರೆದು ಹಾಡಬಹುದಾದ ಸ್ವರ. ಪಲ್ಲವಿಗೆ ಎರಡೇ ಸಾಲು, ಅದನ್ನೇ ಎರಡು ಸಲ. ಮೊದಲ ಸಲ ಸುಮ್ನೆ ಕೇಳಿದವರು ಎರಡನೇ ಸಲಕ್ಕೆ ಹಾಡಬಹುದು. ಪುಸ್ತಕ ಇಲ್ಲದವರು, ಓದು ಬಾರದವರು, ಮೊದಲ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತವರು, ಎಲ್ಲರೂ ಸೇರಿಕೊಳ್ಳಬಹುದು. ಇದನ್ನು ಸುಲಭದ ಹಾಡು ಅಂತ ತಳ್ಳಿಹಾಕುವವರು ಒಮ್ಮೆ ಹೀಗೆ ಬರೆದು ನೋಡಬೇಕು.

ನಮ್ಮ ಕಡೆಯವರಿಗೆ ಈ ಕೆಲಸ ಹೊಸತಲ್ಲ. ಯಕ್ಷಗಾನದ ಪ್ರಸಂಗ ತೆರೆದು ನೋಡಿ. ಪದದ ಮೇಲೆ ರಾಗ, ತಾಳ ಬರೆದಿರುತ್ತದೆ. ಕುಂಬಳೆಯ ಪಾರ್ತಿಸುಬ್ಬನಿಂದ ಇವತ್ತಿನವರೆಗೆ ಪ್ರಸಂಗ ಕವಿಗಳು ಮಟ್ಟು ಮನಸ್ಸಿನಲ್ಲಿಟ್ಟುಕೊಂಡೇ ಪದ ಕಟ್ಟಿದ್ದಾರೆ. ಭಾಗವತರ ಕಂಠದಲ್ಲಿ ಅದು ಎಲ್ಲಿ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನೋದು ಕವಿಗೆ ಗೊತ್ತಿರಬೇಕು. ಹಾಳೆಯಲ್ಲಿ ಓದಿದರೆ ಸಪ್ಪೆ ಅನ್ನಿಸಿದ ಪದ ಚೆಂಡೆ ಮದ್ದಳೆಯ ಜೊತೆ ಮೈ ನವಿರೇಳಿಸುತ್ತದೆ. ಹಾಗಾಗಿ ಫ್ಯಾನಿ ಕ್ರಾಸ್ಬಿಯನ್ನು ಹಾಳೆಯಲ್ಲಿ ಓದಿ ಅಳೆಯುವವರಿಗೆ ನಾನು ಹೇಳೋದಿಷ್ಟೇ: ದಯವಿಟ್ಟು ಹಾಡಿ, ಆಮೇಲೆ ಹೇಳಿ.

ಅವರು ಕಟ್ಟುತ್ತಿದ್ದದ್ದು ತಲೆಯೊಳಗೆ. ಪ್ರಾರ್ಥನೆ ಮಾಡದೆ ಕೂರುತ್ತಿರಲಿಲ್ಲ. ಕೈಯಲ್ಲಿ ಒಂದು ಪುಟ್ಟ ಪುಸ್ತಕ ಕಣ್ಣಿನ ಹತ್ತಿರ ಹಿಡಿದುಕೊಳ್ಳುವ ಅಭ್ಯಾಸ ಇತ್ತು. ಓದಲಿಕ್ಕಲ್ಲ, ಮನಸ್ಸು ನಿಲ್ಲಲಿಕ್ಕೆ. ಪೂರ್ತಿ ಹಾಡು ಸಿದ್ಧವಾದ ಮೇಲೆ, ಎಷ್ಟೋ ಸಲ ಹಲವು ಹಾಡು ಸಿದ್ಧವಾದ ಮೇಲೆ, ಯಾರಿಗಾದರೂ ಹೇಳಿ ಬರೆಸುತ್ತಿದ್ದರು. ಒಂದೇ ದಿನ ಆರೇಳು ಹಾಡು ಕಟ್ಟಿದ್ದೂ ಉಂಟು. ವಾರಕ್ಕೆ ಐದು ಅಧ್ಯಾಯ ಬಾಯಿಪಾಠ ಮಾಡಿದ ಹುಡುಗಿಯ ನೆನಪು ಇಲ್ಲಿ ಕೆಲಸಕ್ಕೆ ಬಂತು.

ದುಡ್ಡು? ಹಾಡೊಂದಕ್ಕೆ ಒಂದು ಅಥವಾ ಎರಡು ಡಾಲರ್. ಅಷ್ಟೇ. ಹಕ್ಕು ರಾಗ ಹಾಕಿದವರ ಅಥವಾ ಪ್ರಕಾಶಕರ ಹೆಸರಿನಲ್ಲಿ ಇರುತ್ತಿತ್ತು. ಇದು ನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ಅವರ ಹಾಡಿನ ಪುಸ್ತಕಗಳು ರಾಶಿ ರಾಶಿ ಮಾರಾಟವಾದವು. ಅವರು ಮ್ಯಾನ್‌ಹಟನ್ನಿನ ಬಡವರ ಕೇರಿಗಳಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಅವರು ದೂರಲಿಲ್ಲ ಅನ್ನೋದು ಬೇರೆ ಮಾತು. ಕೈಗೆ ಬಂದದ್ದರಲ್ಲೂ ಬಹುಪಾಲು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು. ಹಾಡು ಬರೆಯುವವರಿಗೆ ಸಂಭಾವನೆ ಕೊಡುವ ವಿಷಯ ಬಂದಾಗ ನಮ್ಮ ಸಭೆಗಳೂ ಸ್ವಲ್ಪ ಯೋಚಿಸಬೇಕು. 'ದೇವರ ಕೆಲಸ' ಅಂತ ಹೇಳಿ ಬರಿಗೈಯಲ್ಲಿ ಕಳಿಸೋದು ಸರಿಯಲ್ಲ.

ಇನ್ನೊಂದು ವಿಷಯ ಹೆಸರು. ಒಂದೇ ಪುಸ್ತಕದಲ್ಲಿ ಪುಟ ತಿರುಗಿಸಿದಲ್ಲೆಲ್ಲ ಒಬ್ಬರದೇ ಹೆಸರಿದ್ದರೆ ಚೆನ್ನಾಗಿರೋದಿಲ್ಲ ಅಂತ ಪ್ರಕಾಶಕರಿಗೆ ಅನ್ನಿಸಿತು. ಹಾಗಾಗಿ ಬೇರೆ ಬೇರೆ ಹೆಸರು ಹಾಕಿದರು. ಗ್ರೇಸ್ ಫ್ರಾನ್ಸಿಸ್, ಎಲ್ಲಾ ಡೇಲ್, ಜೂಲಿಯಾ ಸ್ಟರ್ಲಿಂಗ್, ಹೀಗೆ ಸುಮಾರು 200 ಹೆಸರು. ಈಗಲೂ ಹಳೆಯ ಪುಸ್ತಕಗಳಲ್ಲಿ ಅವರ ಹಾಡು ಯಾವುದು ಅಂತ ಪತ್ತೆ ಮಾಡೋದು ಕಷ್ಟದ ಕೆಲಸ. ಉಡುಪಿಯ ಪಕ್ಕದಲ್ಲಿ ಬೆಳೆದ ನನಗೆ ಇದು ಓದಿದಾಗ ದಾಸರ ಅಂಕಿತ ನೆನಪಾಯಿತು. ವಾದಿರಾಜರ ಹಾಡಿನ ಕೊನೆಗೆ ಹಯವದನ ಬರುತ್ತಾನೆ, ಕನಕದಾಸರ ಹಾಡಿಗೆ ಕಾಗಿನೆಲೆಯ ಆದಿಕೇಶವ. ತಮ್ಮ ಹೆಸರಿನ ಜಾಗದಲ್ಲಿ ದೇವರ ಹೆಸರು. ಆದರೂ ಹಾಡು ಯಾರದೆಂದು ತಿಳಿಯುತ್ತದೆ. ಫ್ಯಾನಿಗೆ ಅದೂ ಇರಲಿಲ್ಲ. ಅಂದ ಹಾಗೆ ನಮ್ಮ ದಾಸರ ಪದಗಳನ್ನು ಮೊದಲು ಒಟ್ಟು ಮಾಡಿ ಅಚ್ಚು ಹಾಕಿಸಿದವರಲ್ಲಿ ಒಬ್ಬರು ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1850ರ ಹೊತ್ತಿಗೆ, ಇದೇ ಊರಿನಲ್ಲಿ. ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಕೋರಲ್ ಅನ್ನೋ ಜರ್ಮನ್ ಸಭಾಗೀತೆಗಳ ರಾಗಗಳ ಜೊತೆಗೆ ಇದೂ ಇರಲಿ ಅಂತ ಅವರಿಗೆ ಕಂಡದ್ದು ನಮ್ಮ ಭಾಗ್ಯ. ಜನ ಯಾವ ಮಟ್ಟಿನಲ್ಲಿ ಹಾಡುತ್ತಾರೋ ಅದರಲ್ಲೇ ಮಾತು ಕಟ್ಟಬೇಕು ಅನ್ನೋದು ನ್ಯೂಯಾರ್ಕಿನಲ್ಲಿ ಫ್ಯಾನಿಗೆ ತಿಳಿದಂತೆ ಇಲ್ಲಿ ಕಿಟೆಲ್ಲರಿಗೂ ತಿಳಿದಿತ್ತು.

ಮದುವೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1858ರಲ್ಲಿ ಅಲೆಕ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಎಂಬ ಕುರುಡು ಸಂಗೀತಗಾರರನ್ನು ಮದುವೆಯಾದರು. ಒಂದು ಮಗು ಹುಟ್ಟಿ ಎಳೆಯದರಲ್ಲೇ ತೀರಿಕೊಂಡಿತು. ಈ ವಿಷಯ ಅವರು ಬಾಯಿ ಬಿಟ್ಟು ಆಡಿದ್ದು ತೀರಾ ಕಡಿಮೆ. 'ಸೇಫ್ ಇನ್ ದಿ ಆರ್ಮ್ಸ್' ಹಾಡನ್ನು ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗಾಗಿ ಅಂತ ಅವರು ಹೇಳುತ್ತಿದ್ದರು. ಎರಡನ್ನೂ ಜೋಡಿಸಿ ಕಥೆ ಕಟ್ಟುವವರಿದ್ದಾರೆ. ಅವರು ಜೋಡಿಸದೇ ಬಿಟ್ಟದ್ದನ್ನು ನಾನು ಜೋಡಿಸೋದಿಲ್ಲ.

ಅವರು ಎಲ್ಲಿಗೆ ಹೋಗುತ್ತಿದ್ದರು ಅನ್ನೋದು ಮುಖ್ಯ. ಬವರಿ, ವಾಟರ್ ಸ್ಟ್ರೀಟ್. ನ್ಯೂಯಾರ್ಕಿನಲ್ಲಿ ಕುಡಿತಕ್ಕೆ ಬಿದ್ದವರು, ಕೆಲಸ ಕಳೆದುಕೊಂಡವರು, ಮನೆಯಿಲ್ಲದವರು ಇದ್ದ ಬೀದಿಗಳು. ಅಲ್ಲಿನ ಮಿಷನ್ನುಗಳಲ್ಲಿ ಅವರು ಮಾತಾಡುತ್ತಿದ್ದರು, ಕೂತು ಕೇಳುತ್ತಿದ್ದರು. ಯಾರನ್ನೂ 'ಪಾಪಿ' ಅಂತ ಬೆರಳು ತೋರಿಸಿ ಮಾತಾಡಿದರೆ ಅವರು ನಮ್ಮ ಹತ್ತಿರ ಬರೋದಿಲ್ಲ ಅನ್ನೋದು ಅವರ ತಿಳಿವಳಿಕೆ. 1868ರಲ್ಲಿ ಒಂದು ಜೈಲಿಗೆ ಹೋಗಿದ್ದಾಗ ಕೈದಿಯೊಬ್ಬ 'ಕರ್ತನೇ, ನನ್ನನ್ನು ದಾಟಿ ಹೋಗಬೇಡ' ಅಂತ ಕೂಗಿದ್ದು ಕೇಳಿಸಿತು. 'ಪಾಸ್ ಮಿ ನಾಟ್' ಹಾಡು ಬಂದದ್ದು ಆ ಕೂಗಿನಿಂದ. ಮರುವರ್ಷ ಬೇಸಿಗೆಯ ಒಂದು ಸಂಜೆ ಮಿಷನ್ನಿನಲ್ಲಿ ಮಾತಾಡುತ್ತಿದ್ದಾಗ, ಈ ಜನರ ನಡುವೆ ತಾಯಿಯಿಂದ ದೂರವಾದ ಯಾರೋ ಹುಡುಗ ಇದ್ದಾನೆ ಅಂತ ಅವರ ಮನಸ್ಸಿಗೆ ಬಲವಾಗಿ ಅನ್ನಿಸಿತು. ಹಾಗೇ ಹೇಳಿದರು. ಹದಿನೆಂಟು ವರ್ಷದ ಒಬ್ಬ ಎದ್ದು ಬಂದ. ಅಂದು ರಾತ್ರಿ ಮಲಗುವ ಮುಂಚೆ 'ರೆಸ್ಕ್ಯೂ ದಿ ಪೆರಿಶಿಂಗ್' ಸಿದ್ಧವಾಯಿತು. ಮೂವತ್ತು ವರ್ಷ ದಾಟಿದ ಮೇಲೆ, 1903ರಲ್ಲಿ, ಮ್ಯಾಸಚೂಸೆಟ್ಸಿನ ಲಿನ್ ಊರಿನಲ್ಲಿ ಈ ಕಥೆ ಹೇಳಿ ಮುಗಿಸಿದಾಗ ಒಬ್ಬರು ಬಂದು ಅವರ ಕೈ ಹಿಡಿದು, ಆ ಹುಡುಗ ನಾನೇ ಅಂದರು.

ಎಲ್ಲ 8,000 ಹಾಡೂ ಹೀಗೆ ಗಟ್ಟಿಯೇ? ಇಲ್ಲ. ಅದೇ ಹೊಳೆ, ಅದೇ ಆಚೆ ದಡ, ಅದೇ ಪ್ರಾಸ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವು ಇವತ್ತು ಯಾರ ಬಾಯಲ್ಲೂ ಇಲ್ಲ. ಅದರಿಂದ ನನಗೆ ಬೇಸರವಿಲ್ಲ. ಆ ವಾರದ ಸಂಡೇ ಸ್ಕೂಲಿಗೆ ಬೇಕಿತ್ತು, ಮಕ್ಕಳು ಹಾಡಿದರು, ಆ ಹಾಡಿನ ಕೆಲಸ ಮುಗಿಯಿತು. ಉಳಿಯುವ ಹಾಡನ್ನು ಮಾತ್ರ ಬರೆಯುತ್ತೇನೆ ಅಂತ ಅವರು ಕಾದು ಕೂತಿದ್ದರೆ ಉಳಿದ ಹತ್ತಿಪ್ಪತ್ತೂ ನಮಗೆ ಸಿಗುತ್ತಿರಲಿಲ್ಲ.

ಅಮೆರಿಕದ ಬೋಧಕ ಮೂಡಿ, ಗಾಯಕ ಸ್ಯಾಂಕಿ ಇಬ್ಬರ ಸುವಾರ್ತೆ ಕೂಟಗಳು ಈ ಹಾಡುಗಳನ್ನು ಅಮೆರಿಕ, ಬ್ರಿಟನ್ ಉದ್ದಗಲಕ್ಕೆ ಒಯ್ದವು. ಅಲ್ಲಿಂದ ಮಿಷನರಿಗಳ ಪೆಟ್ಟಿಗೆಯಲ್ಲಿ ನಮ್ಮ ದೇಶಕ್ಕೂ ಬಂದವು. ಫ್ಯಾನಿ 1900ರಲ್ಲಿ ಬ್ರಿಡ್ಜ್‌ಪೋರ್ಟ್ ಊರಿಗೆ ತಂಗಿಯ ಮನೆಗೆ ಹೋದರು. ಅಲ್ಲೇ 1915ರ ಫೆಬ್ರುವರಿ 12ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಕಣ್ಣಿಲ್ಲ ಅಂತ ಮರುಗಿದ ಬೋಧಕರೊಬ್ಬರಿಗೆ ಅವರು ಹಿಂದೊಮ್ಮೆ ಹೇಳಿದ್ದರು: ಹುಟ್ಟುವಾಗ ಬೇಡಿಕೊಳ್ಳಲು ಬಿಟ್ಟಿದ್ದರೆ ಕುರುಡಿಯಾಗಿಯೇ ಹುಟ್ಟಬೇಕೆಂದು ಬೇಡುತ್ತಿದ್ದೆ, ಯಾಕೆಂದರೆ ನಾನು ಮೊದಲು ನೋಡುವ ಮುಖ ನನ್ನ ರಕ್ಷಕನದಾಗಿರುತ್ತದೆ.

(ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಂದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ.)

ಆಲ್ಟೊ ಹಾಡುವ ಅಕ್ಕ ಒಬ್ಬರು ಕೇಳಿದರು: ಇವರ ಹಾಡುಗಳಲ್ಲಿ 'ನಾನು, ನನ್ನ' ಅನ್ನೋದು ಜಾಸ್ತಿ ಅಲ್ವಾ? ಸಭೆಯಾಗಿ ಹಾಡುವಾಗ 'ನಾವು' ಇರಬೇಡವೇ?

ಒಳ್ಳೆಯ ಪ್ರಶ್ನೆ ಅಕ್ಕ. ಹೌದು, ಜಾಸ್ತಿಯೇ. ಆದರೆ ಆ 'ನಾನು' ಫ್ಯಾನಿ ಅಲ್ಲ. ಜೈಲಿನ ಕೈದಿ, ಬವರಿಯ ಹುಡುಗ, ಮಗು ಕಳೆದುಕೊಂಡ ತಾಯಿ, ಯಾರು ಬಾಯಿ ತೆರೆದು ಹಾಡುತ್ತಾರೋ ಅವರು. ನಮ್ಮ ದಾಸರ ಪದಗಳ 'ನಾನು' ಕೂಡ ಹಾಗೇ ಎಲ್ಲರದೂ ಆಗಿದೆ. ಜೊತೆಗೆ, 'ನಾನು' ಹಿಂದೆ ಸರಿದು ದೇವರು ಮಾಡಿದ್ದನ್ನೇ ಹಾಡುವ ಹಾಡನ್ನೂ ಅವರು ಬರೆದಿದ್ದಾರೆ. 'ಟು ಗಾಡ್ ಬಿ ದಿ ಗ್ಲೋರಿ', ಡೋನ್ ಹಾಕಿದ ರಾಗ, 1875ರಲ್ಲಿ ಅಚ್ಚಾಯಿತು. ಸ್ಯಾಂಕಿ ಅದನ್ನು ಬ್ರಿಟನ್ನಿಗೆ ಒಯ್ದರು, ಅಲ್ಲಿನವರು ಹಾಡಿದರು. ಫ್ಯಾನಿಯ ಸ್ವಂತ ದೇಶದಲ್ಲಿ ಮಾತ್ರ ಅದನ್ನು ಬಲ್ಲವರು ಆಗ ಕಡಿಮೆ ಇದ್ದರು. 1954ರಲ್ಲಿ ಲಂಡನ್ನಿನ ಹ್ಯಾರಿಂಗೇಯಲ್ಲಿ ಅಮೆರಿಕದ ಬೋಧಕ ಬಿಲ್ಲಿ ಗ್ರಹಾಂ ಅವರ ಕೂಟಗಳು ನಡೆದಾಗ ಅವರ ತಂಡದವರು ಈ ಹಾಡನ್ನು ಅಲ್ಲಿ ಹಾಡಿಸಿದರು. ಜನ ಎಷ್ಟು ಇಷ್ಟಪಟ್ಟು ಹಾಡಿದರೆಂದರೆ, ಅದೇ ವರ್ಷ ಅಮೆರಿಕಕ್ಕೆ ಮರಳಿದ ಮೇಲೆ ನ್ಯಾಶ್‌ವಿಲ್ಲಿನ ಕೂಟದಲ್ಲೂ ಹಾಡಿಸಿದರು. ಇವತ್ತು ಅದು ಇಲ್ಲದ ಇಂಗ್ಲಿಷ್ ಗೀತೆ ಪುಸ್ತಕ ಸಿಗೋದು ಅಪರೂಪ. 1954ರ ಹೊತ್ತಿಗೆ ಅದನ್ನು ಬರೆದು 80 ವರ್ಷ ಆಗುತ್ತಾ ಬಂದಿತ್ತು, ಫ್ಯಾನಿ ತೀರಿ 39 ವರ್ಷ. ನಮ್ಮ ಗೀತೆ ಪುಸ್ತಕದಲ್ಲೂ ನಾವು ತೆರೆಯದ ಪುಟಗಳು ಬೇಕಾದಷ್ಟಿವೆ. ಮುಂದಿನ ಅಭ್ಯಾಸಕ್ಕೆ ಬರುವಾಗ ಒಬ್ಬೊಬ್ಬರು ಅಂಥ ಒಂದು ಹಾಡು ಆರಿಸಿಕೊಂಡು ಬನ್ನಿ. ಹಾಡಿ ನೋಡೋಣ.